ಕಾಣದ ಬಿರುಕು, ಕಾಣುವ ನಷ್ಟ

ಸಂತೆಯಲ್ಲಿ ಮಣ್ಣಿನ ಗಡಿಗೆ ಕೊಳ್ಳುವ ಗೃಹಿಣಿ ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ಬಾರಿಸಿ ನೋಡದೆ ಹಣ ತೆಗೆಯುವುದಿಲ್ಲ. ‘ಠಣ್’ ಎಂದರೆ ಗಡಿಗೆ ಗಟ್ಟಿ. ಒಡಕು ದನಿ ಬಂದರೆ ಎಲ್ಲಿಯೋ ಬಿರುಕಿದೆ. ಬೆಳ್ಳಿಯ ರೂಪಾಯಿ ಚಲಾವಣೆಯಲ್ಲಿದ್ದ ಕಾಲದಲ್ಲಿ ಶರಾಫರು ನಾಣ್ಯವನ್ನು ಕಲ್ಲಿನ ಮೇಲೆ ಚಿಮ್ಮಿ ಅದರ ನಾದದಿಂದಲೇ ಖೋಟಾ ಯಾವುದು, ಖರೆ ಯಾವುದು ಎಂದು ಹೇಳುತ್ತಿದ್ದರು. ರೈಲು ನಿಲ್ದಾಣಗಳಲ್ಲಿ ಉದ್ದ ಹಿಡಿಯ ಸುತ್ತಿಗೆಯಿಂದ ಗಾಲಿಗಳನ್ನು ತಟ್ಟುತ್ತ ಸಾಗುವ ನೌಕರರನ್ನು ನಮ್ಮ ಹಿರಿಯ ಸದಸ್ಯರು ಕಂಡಿರಬಹುದು. ಇವರೆಲ್ಲರೂ ಮಾಡುತ್ತಿದ್ದ ಕೆಲಸ ಒಂದೇ. ವಸ್ತುವನ್ನು ಒಡೆಯದೆ, ಕೊರೆಯದೆ, ಕೆಡಿಸದೆ ಅದರೊಳಗಿನ ದೋಷವನ್ನು ತಿಳಿಯುವುದು. ಎಂಜಿನಿಯರಿಂಗ್ ಶಾಸ್ತ್ರವು ಇದನ್ನೇ ‘ನಾಶರಹಿತ ಪರೀಕ್ಷೆ’ ಎನ್ನುತ್ತದೆ. ಕಾರ್ಖಾನೆಯ ಮಾತಿನಲ್ಲಿ ಇದು ‘ಎನ್‌ಡಿಟಿ’.

ಈ ವಿಷಯದ ಬಗ್ಗೆ ಬರೆಯಲು ಲೆಕ್ಕಪರಿಶೋಧಕನಿಗೇನು ಅಧಿಕಾರ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನಾನು ವಾಣಿಜ್ಯ ಪದವೀಧರ, ಲೋಹಶಾಸ್ತ್ರ ಓದಿದವನಲ್ಲ. ಆದರೆ ಎರಕದ ಕಾರ್ಖಾನೆಗಳು, ಫ್ಯಾಬ್ರಿಕೇಶನ್ ಶೆಡ್ಡುಗಳು, ಯಂತ್ರಭಾಗಗಳ ವ್ಯಾಪಾರಿ ಮಳಿಗೆಗಳು, ಇವುಗಳ ಲೆಕ್ಕಪುಸ್ತಕಗಳನ್ನು ಹಲವು ದಶಕಗಳಿಂದ ನೋಡುತ್ತ ಬಂದಿದ್ದೇನೆ. ಎಂಜಿನಿಯರು ಲೋಹದಲ್ಲಿ ಕಾಣುವ ಬಿರುಕು ಕೆಲವು ತಿಂಗಳ ನಂತರ ನನ್ನ ಮೇಜಿನ ಮೇಲೆ ಡೆಬಿಟ್ ನೋಟಿನ ರೂಪದಲ್ಲಿ ಬಂದು ಬೀಳುತ್ತದೆ. ಆ ಕಾರಣದಿಂದಲೇ ಈ ಲೇಖನ. ನನ್ನ ವಾದ ಇಷ್ಟೆ: ನಮ್ಮ ಸಣ್ಣ ಉದ್ಯಮಗಳಲ್ಲಿ ಅನೇಕರು ಪರೀಕ್ಷೆಯನ್ನು ಕೊಳ್ಳುತ್ತಿಲ್ಲ, ಪ್ರಮಾಣಪತ್ರವನ್ನು ಕೊಳ್ಳುತ್ತಿದ್ದಾರೆ. ಇವೆರಡರಲ್ಲಿ ಅಗ್ಗವಾಗಿ ಕಾಣುವುದೇ ಕೊನೆಗೆ ದುಬಾರಿಯಾಗುತ್ತದೆ.

ಬಿರುಕು ಲೆಕ್ಕದಲ್ಲಿ ಅಡಗುವ ಬಗೆ

ಗುಣಮಟ್ಟದ ವೆಚ್ಚವನ್ನು ವೆಚ್ಚಲೆಕ್ಕಶಾಸ್ತ್ರವು ನಾಲ್ಕು ಶೀರ್ಷಿಕೆಗಳಲ್ಲಿ ವಿಂಗಡಿಸುತ್ತದೆ. ದೋಷ ಉಂಟಾಗದಂತೆ ತಡೆಯುವ ವೆಚ್ಚ; ದೋಷವಿದೆಯೇ ಎಂದು ಪರೀಕ್ಷಿಸುವ ವೆಚ್ಚ; ಕಾರ್ಖಾನೆಯೊಳಗೇ ದೋಷ ಪತ್ತೆಯಾದಾಗ ಆಗುವ ನಷ್ಟ; ಮಾಲು ಗ್ರಾಹಕನ ಕೈ ಸೇರಿದ ಮೇಲೆ ದೋಷ ಹೊರಬಿದ್ದಾಗ ಆಗುವ ನಷ್ಟ. ಇವುಗಳಲ್ಲಿ ಎರಡನೆಯದು ಮಾತ್ರ ನಮ್ಮ ಸಣ್ಣ ಘಟಕಗಳ ಲಾಭ-ನಷ್ಟ ಪಟ್ಟಿಯಲ್ಲಿ ‘ಪರೀಕ್ಷಾ ಶುಲ್ಕ’ ಎಂದು ಎದ್ದು ಕಾಣುತ್ತದೆ. ಆದ್ದರಿಂದ ವರ್ಷಾಂತ್ಯದಲ್ಲಿ ಖರ್ಚು ಕಡಿತದ ಮಾತು ಬಂದಾಗ ಮೊದಲ ಕತ್ತರಿ ಬೀಳುವುದೂ ಅದಕ್ಕೇ.

ಉಳಿದ ನಷ್ಟಗಳು ಎಲ್ಲಿ ಹೋದವು? ತಿರಸ್ಕೃತ ಎರಕಗಳು ಮತ್ತೆ ಕುಲುಮೆಗೆ ಹೋಗುತ್ತವೆ. ಕಬ್ಬಿಣ ಮರಳಿ ಬಂತೆಂದು ಸಮಾಧಾನ. ಆದರೆ ಅದಕ್ಕೆ ಸುರಿದ ವಿದ್ಯುತ್ತು, ಮರಳು, ಕೂಲಿ, ಕುಲುಮೆಯ ಸಮಯ ಇವು ಮರಳುವುದಿಲ್ಲ. ಅವು ಉತ್ಪಾದನಾ ವೆಚ್ಚದಲ್ಲಿ ಕರಗಿಹೋಗಿರುತ್ತವೆ. ಗ್ರಾಹಕನು ಬಿಲ್ಲಿನಲ್ಲಿ ಕಡಿತ ಮಾಡಿಕೊಂಡ ಮೊತ್ತ ‘ರಿಯಾಯಿತಿ’ ಎಂಬ ಖಾತೆಗೆ ಜಮೆಯಾಗಿ ಕುಳಿತಿರುತ್ತದೆ. ಬದಲಿ ಮಾಲು ಕಳಿಸಿದ ಲಾರಿ ಬಾಡಿಗೆ ‘ಸಾಗಾಣಿಕೆ’ಯಲ್ಲಿ ಸೇರಿರುತ್ತದೆ. ಶೆಡ್ಡಿನ ಮೂಲೆಯಲ್ಲಿ ಬಿದ್ದಿರುವ ತಿರಸ್ಕೃತ ಮಾಲು ದಾಸ್ತಾನು ಪಟ್ಟಿಯಲ್ಲಿ ಪೂರ್ಣ ಬೆಲೆಗೆ ನಿಂತು, ಬ್ಯಾಂಕಿಗೆ ಸಲ್ಲಿಸುವ ತಿಂಗಳ ವಿವರದಲ್ಲೂ ಸಿಪಾಯಿಯಂತೆ ಎದೆಯುಬ್ಬಿಸಿ ನಿಂತಿರುತ್ತದೆ. ದಾಸ್ತಾನಿನ ಮೌಲ್ಯಮಾಪನಕ್ಕೆ ಸಂಬಂಧಿಸಿದ ಲೆಕ್ಕಪತ್ರ ಮಾನಕ-2ರ ಪ್ರಕಾರ ಅಸಹಜ ಪ್ರಮಾಣದ ವ್ಯರ್ಥವನ್ನು ದಾಸ್ತಾನಿನ ಬೆಲೆಯಲ್ಲಿ ಸೇರಿಸುವಂತಿಲ್ಲ. ಅದನ್ನು ಆಯಾ ಅವಧಿಯ ವೆಚ್ಚವೆಂದೇ ಬರೆಯಬೇಕು. ಮಾರಾಟಕ್ಕೆ ಬಾರದ ಮಾಲಿಗೆ ಗುಜರಿಯ ಬೆಲೆಗಿಂತ ಹೆಚ್ಚಿನ ಬೆಲೆ ಹಚ್ಚುವಂತೆಯೂ ಇಲ್ಲ.

ಹೀಗೆ ದೋಷದ ನಷ್ಟ ನಾಲ್ಕಾರು ಖಾತೆಗಳಲ್ಲಿ ಚದುರಿಹೋಗಿ, ಅದನ್ನು ತಡೆಯಬಹುದಾಗಿದ್ದ ಪರೀಕ್ಷೆಯ ಖರ್ಚು ಮಾತ್ರ ಒಂದೇ ಸಾಲಿನಲ್ಲಿ ಕಣ್ಣು ಕುಕ್ಕುತ್ತದೆ. ಸದಸ್ಯರು ಮಾಡಬಹುದಾದ ಮೊದಲ ಕೆಲಸ ಇದು: ತಮ್ಮ ಲೆಕ್ಕಿಗರಿಗೆ ಹೇಳಿ ‘ತಿರಸ್ಕಾರ ನಷ್ಟ’ ಎಂಬ ಪ್ರತ್ಯೇಕ ಖಾತೆಯೊಂದನ್ನು ತೆರೆಸುವುದು. ಒಂದು ವರ್ಷ ಶ್ರದ್ಧೆಯಿಂದ ಬರೆದರೆ ಸಾಕು, ಯಾವುದು ದುಬಾರಿ ಎಂಬುದನ್ನು ಆ ಖಾತೆಯೇ ಹೇಳುತ್ತದೆ.

ಯಾವ ಪರೀಕ್ಷೆ ಏನನ್ನು ಕಾಣುತ್ತದೆ?

ಪರೀಕ್ಷೆಗಳ ವಿಷಯದಲ್ಲಿ ವ್ಯಾಪಾರಿಗಳು ಮತ್ತು ಸಣ್ಣ ತಯಾರಕರು ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಪ್ರತಿಯೊಂದು ಪರೀಕ್ಷೆಗೂ ಒಂದು ಕಣ್ಣಿದೆ. ಪ್ರತಿಯೊಂದಕ್ಕೂ ಒಂದು ಕುರುಡೂ ಇದೆ.

ಎಲ್ಲಕ್ಕಿಂತ ಅಗ್ಗವಾದದ್ದು ವರ್ಣದ್ರವ ಪರೀಕ್ಷೆ. ಕಾರ್ಖಾನೆಗಳಲ್ಲಿ ಇದನ್ನು ‘ಡಿಪಿ ಟೆಸ್ಟ್’ ಎನ್ನುತ್ತಾರೆ. ಮೇಲ್ಮೈಯನ್ನು ಚೆನ್ನಾಗಿ ಸ್ವಚ್ಛಗೊಳಿಸಿ, ಕೆಂಪು ದ್ರವ ಸಿಂಪಡಿಸಿ, ಅದು ಬಿರುಕಿನೊಳಗೆ ಇಳಿಯಲು ಬೇಕಾದಷ್ಟು ಹೊತ್ತು ಬಿಟ್ಟು, ಒರೆಸಿ ತೆಗೆದು, ಬಿಳಿಯ ಪುಡಿಯ ಲೇಪ ಕೊಟ್ಟರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಇದರ ಪೂರ್ವಜ ಬಹಳ ಸರಳ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲ್ವೆ ಕಾರ್ಯಾಗಾರಗಳು ಅಚ್ಚುಗಳಿಗೆ ಎಣ್ಣೆ ಹಚ್ಚಿ, ಒರೆಸಿ, ಸೀಮೆಸುಣ್ಣದ ಲೇಪ ಬಳಿದು, ಎಣ್ಣೆ ಒಸರುವ ಜಾಗವನ್ನು ಹುಡುಕುತ್ತಿದ್ದವು. ಆದರೆ ಈ ಪರೀಕ್ಷೆ ಮೇಲ್ಮೈಗೆ ಬಾಯ್ದೆರೆದ ಬಿರುಕನ್ನು ಮಾತ್ರ ತೋರಿಸಬಲ್ಲದು. ಒಳಗೆ ಮುಚ್ಚಿಕೊಂಡಿರುವ ಗಾಳಿಗುಳ್ಳೆ ಅದಕ್ಕೆ ಕಾಣದು. ಮೇಲ್ಮೈಗೆ ಬಣ್ಣ ಬಳಿದ ಮೇಲೆ, ಇಲ್ಲವೆ ಬಿರುಕಿನ ಬಾಯನ್ನು ಗ್ರೈಂಡಿಂಗ್ ಮಾಡಿ ಮುಚ್ಚಿದ ಮೇಲೆ ಮಾಡಿದ ಡಿಪಿ ಪರೀಕ್ಷೆ ವ್ಯರ್ಥ.

ಎರಡನೆಯದು ಕಾಂತೀಯ ಕಣ ಪರೀಕ್ಷೆ. ಕಬ್ಬಿಣ, ಉಕ್ಕಿನಂತಹ ಕಾಂತಗುಣದ ಲೋಹಗಳಿಗೆ ಮಾತ್ರ ಇದು ಅನ್ವಯ. ಅಲ್ಯುಮಿನಿಯಂ, ಹಿತ್ತಾಳೆ, ಸಾಮಾನ್ಯ ಸ್ಟೇನ್‌ಲೆಸ್ ಪಾತ್ರೆಯ ಉಕ್ಕಿಗೆ ಉಪಯೋಗವಿಲ್ಲ. ವಸ್ತುವನ್ನು ಅಯಸ್ಕಾಂತಗೊಳಿಸಿ ಕಬ್ಬಿಣದ ಸೂಕ್ಷ್ಮ ಪುಡಿ ಚೆಲ್ಲಿದರೆ, ಬಿರುಕಿರುವಲ್ಲಿ ಕಾಂತರೇಖೆಗಳು ಸೋರಿ ಪುಡಿ ಅಲ್ಲಿ ಕೂಡಿಕೊಳ್ಳುತ್ತದೆ. ಕಾಂತರೇಖೆಗೆ ಸಮಾನಾಂತರವಾಗಿರುವ ಬಿರುಕು ತಪ್ಪಿಸಿಕೊಳ್ಳುವುದರಿಂದ ಎರಡು ದಿಕ್ಕುಗಳಲ್ಲಿ ಪರೀಕ್ಷಿಸುವುದು ಅಗತ್ಯ. ಒಂದೇ ದಿಕ್ಕಿನಲ್ಲಿ ಮಾಡಿ ಕೈ ತೊಳೆದುಕೊಂಡ ಪರೀಕ್ಷೆ ಅರ್ಧ ಪರೀಕ್ಷೆ.

ಮೂರನೆಯದು ಶಬ್ದಾತೀತ ತರಂಗಗಳ ಪರೀಕ್ಷೆ, ಅಂದರೆ ಅಲ್ಟ್ರಾಸಾನಿಕ್. ಉಕ್ಕಿನಲ್ಲಿ ಈ ತರಂಗಗಳು ಸೆಕೆಂಡಿಗೆ ಸುಮಾರು 5,900 ಮೀಟರ್ ವೇಗದಲ್ಲಿ ಸಾಗುತ್ತವೆ. ದಾರಿಯಲ್ಲಿ ದೋಷ ಎದುರಾದರೆ ಪ್ರತಿಧ್ವನಿ ಬೇಗ ಮರಳುತ್ತದೆ. ಮರಳಿದ ಸಮಯದಿಂದ ಆಳ ತಿಳಿಯುತ್ತದೆ. ಆಳದ ಬಿರುಕುಗಳಿಗೆ ಇದು ಉತ್ತಮ. ಆದರೆ ಒರಟು ಕಣರಚನೆಯ ಎರಕಗಳಲ್ಲಿ ತರಂಗ ಚದುರಿಹೋಗುವುದರಿಂದ ಸಂಕೇತವನ್ನು ಓದಲು ಪರಿಣತಿ ಬೇಕು. ಎಸ್‌ಜಿ ಕಬ್ಬಿಣ ತಯಾರಿಸುವ ಫೌಂಡ್ರಿಗಳಿಗೆ ಇನ್ನೊಂದು ಪ್ರಯೋಜನವೂ ಇದೆ. ಗ್ರಾಫೈಟ್ ಗುಂಡಾಗಿ ರೂಪುಗೊಂಡ ಕಬ್ಬಿಣದಲ್ಲಿ ತರಂಗದ ವೇಗ ಹೆಚ್ಚು, ಸಾಮಾನ್ಯ ಬೂದು ಎರಕದಲ್ಲಿ ಕಡಿಮೆ. ವೇಗವನ್ನು ಅಳೆದೇ ಬೆರಕೆಯನ್ನು ಬೇರ್ಪಡಿಸಬಹುದು. ಸುತ್ತಿಗೆಯಿಂದ ತಟ್ಟಿದಾಗ ಎಸ್‌ಜಿ ಕಬ್ಬಿಣ ಗಂಟೆಯಂತೆ ನುಡಿಯುವುದೂ, ಬೂದು ಎರಕ ಮಂಕಾಗಿ ನುಡಿಯುವುದೂ ನಮ್ಮ ಫೌಂಡ್ರಿಯ ಹಳೆಯ ಮೇಸ್ತ್ರಿಗಳಿಗೆ ಗೊತ್ತಿದ್ದ ವಿಷಯವೇ.

ನಾಲ್ಕನೆಯದು ವಿಕಿರಣ ಪರೀಕ್ಷೆ. ಎಕ್ಸ್-ರೇ ಯಂತ್ರದಿಂದ, ಇಲ್ಲವೆ ಇರಿಡಿಯಂ-192ರಂತಹ ವಿಕಿರಣ ಮೂಲದಿಂದ ಲೋಹದ ಒಳಚಿತ್ರ ತೆಗೆಯುವುದು. ಗಾಳಿಗುಳ್ಳೆ, ಕಿಟ್ಟ, ಬೆಸುಗೆ ತುಂಬದ ಜಾಗ ಇವು ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಆದರೆ ಕಿರಣದ ದಿಕ್ಕಿಗೆ ಅಡ್ಡವಾಗಿ ಮಲಗಿದ ತೆಳುವಾದ ಬಿರುಕು ಚಿತ್ರದಲ್ಲಿ ಮೂಡದೆಯೇ ಹೋಗಬಹುದು. ‘ಎಕ್ಸ್-ರೇ ಆಗಿದೆ, ಇನ್ನೇನು ಭಯ’ ಎನ್ನುವ ಖರೀದಿದಾರರು ಇದನ್ನು ನೆನಪಿಡಬೇಕು. ನಮ್ಮ ದೇಶದಲ್ಲಿ ಈ ಪರೀಕ್ಷೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿಗೆ ಒಳಪಟ್ಟದ್ದು. ಸಿಕ್ಕಸಿಕ್ಕವರಿಂದ ಮಾಡಿಸುವ ಕೆಲಸವಲ್ಲ. ಐದನೆಯದಾದ ಸುಳಿವಿದ್ಯುತ್ ಪರೀಕ್ಷೆ, ಅಂದರೆ ಎಡ್ಡಿ ಕರೆಂಟ್, ಕೊಳವೆ ಹಾಗೂ ಸರಳುಗಳ ಮೇಲ್ಮೈ ದೋಷಗಳನ್ನು ವೇಗವಾಗಿ ಹಿಡಿಯಲು ಅನುಕೂಲ. ಇವೆಲ್ಲಕ್ಕೂ ಮೊದಲು ನಡೆಯಬೇಕಾದದ್ದು, ಖರ್ಚಿಲ್ಲದ್ದು, ಒಳ್ಳೆಯ ಬೆಳಕಿನಲ್ಲಿ ಕಣ್ಣಿಟ್ಟು ನೋಡುವುದು.

ಆದ್ದರಿಂದ ‘ಎನ್‌ಡಿಟಿ ಮಾಡಿಸಿ ಕಳುಹಿಸಿ’ ಎಂದು ಖರೀದಿ ಆದೇಶದಲ್ಲಿ ಬರೆಯುವುದಕ್ಕೆ ಅರ್ಥವೇ ಇಲ್ಲ. ಯಾವ ವಿಧಾನ, ಯಾವ ಭಾಗ, ಎಷ್ಟು ದೊಡ್ಡ ದೋಷದವರೆಗೆ ಒಪ್ಪಿಗೆ ಎಂಬುದನ್ನು ಹೇಳದ ಆದೇಶ, ಅಳತೆ ಹೇಳದೆ ಬಟ್ಟೆ ಹೊಲಿಯಲು ಕೊಟ್ಟಂತೆ.

ಒಂದು ಸರಳ ಲೆಕ್ಕ

ಸಂಖ್ಯೆಗಳಿಲ್ಲದ ಮಾತು ವ್ಯಾಪಾರಿಗೆ ರುಚಿಸದು. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಊಹಿಸಿಕೊಂಡವು. ಓದುಗರು ಅವುಗಳ ಜಾಗದಲ್ಲಿ ತಮ್ಮದೇ ಅಂಕಿಗಳನ್ನು ಹಾಕಿ ನೋಡಬೇಕು.

ಒಂದು ಫೌಂಡ್ರಿ 500 ಎರಕಗಳ ಆದೇಶ ಪಡೆದಿದೆ ಎನ್ನೋಣ. ಎರಕವೊಂದರ ವೆಚ್ಚ 2,000 ರೂಪಾಯಿ, ಮೆಷಿನಿಂಗ್ ವೆಚ್ಚ 1,500 ರೂಪಾಯಿ, ಗುಜರಿ ಬೆಲೆ 500 ರೂಪಾಯಿ. ನೂರಕ್ಕೆ ಎರಡರಂತೆ 10 ಎರಕಗಳಲ್ಲಿ ದೋಷವಿದೆ. ಪರೀಕ್ಷೆ ಇಲ್ಲದೆ ಎಲ್ಲವನ್ನೂ ಮೆಷಿನಿಂಗ್ ಮಾಡಿ ಕಳುಹಿಸಿದರೆ, ಗ್ರಾಹಕನಲ್ಲಿ ಸಿಕ್ಕಿಬಿದ್ದ 10ರ ನಷ್ಟ ಗುಜರಿ ಕಳೆದು 30,000 ರೂಪಾಯಿ. ಒಂದು ದೋಷ ಕಂಡೊಡನೆ ಗ್ರಾಹಕ ಇಡೀ ಲಾಟನ್ನು ಆರಿಸಿ ನೋಡಿ, ಎರಕಕ್ಕೆ 50 ರೂಪಾಯಿಯಂತೆ 25,000 ರೂಪಾಯಿಗೆ ಡೆಬಿಟ್ ನೋಟ್ ಕಳುಹಿಸುತ್ತಾನೆ. ಹೋಗಿ ಬರುವ ಸಾಗಾಣಿಕೆ 15,000. ಒಟ್ಟು 70,000 ರೂಪಾಯಿ. ಇದರ ಬದಲು ಮೆಷಿನಿಂಗ್‌ಗೆ ಮೊದಲೇ ಎರಕಕ್ಕೆ 60 ರೂಪಾಯಿಯಂತೆ ಪರೀಕ್ಷೆ ಮಾಡಿಸಿದರೆ ಶುಲ್ಕ 30,000. ಹಿಡಿದ 10 ಎರಕಗಳ ನಷ್ಟ ಗುಜರಿ ಕಳೆದು 15,000. ಒಟ್ಟು 45,000 ರೂಪಾಯಿ. ಉಳಿತಾಯ 25,000. ಪರೀಕ್ಷಾ ಶುಲ್ಕದ ಮೇಲೆ ತೆತ್ತ ಜಿಎಸ್‌ಟಿಯು ಹೂಡುವಳಿ ತೆರಿಗೆ ಜಮೆಯಾಗಿ ಸಾಮಾನ್ಯವಾಗಿ ಮರಳುತ್ತದೆ. ತಡವಾದ ಪಾವತಿಯ ಬಡ್ಡಿಯನ್ನೂ, ಮುಂದಿನ ಆದೇಶ ಕೈತಪ್ಪುವ ನಷ್ಟವನ್ನೂ ನಾನು ಇಲ್ಲಿ ಹಿಡಿದಿಲ್ಲ.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಪರೀಕ್ಷೆ ಮೆಷಿನಿಂಗ್‌ಗೆ ಮೊದಲು ನಡೆಯಬೇಕು. ಮೆಷಿನಿಂಗ್ ಆದ ಮೇಲೆ ರವಾನೆಯ ಹಿಂದಿನ ಸಂಜೆ ಪರೀಕ್ಷೆ ಮಾಡಿಸಿದರೆ, ಕೆಟ್ಟ ಎರಕದ ಮೇಲೆ 1,500 ರೂಪಾಯಿ ಆಗಲೇ ಸುರಿದಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಸಂಜೆ ತಪ್ಪು ಕಂಡರೂ ಕಾಣದಂತೆ ಇರಬೇಕೆಂಬ ಒತ್ತಡ ಪರೀಕ್ಷಕನ ಮೇಲೆ ಬೀಳುತ್ತದೆ. ಮೆಷಿನಿಂಗ್‌ನಲ್ಲಿಯೇ ಹೊರಬೀಳುವ ದೋಷಗಳೂ ಉಂಟು. ಅವಕ್ಕೆ ಕೊನೆಯಲ್ಲಿ ಕಣ್ಣೋಟ ಅನಿವಾರ್ಯ.

ಎಲ್ಲ ಮಾಲಿಗೂ ಎಲ್ಲ ಪರೀಕ್ಷೆ ಬೇಕೆಂಬುದು ನನ್ನ ವಾದವಲ್ಲ. ತೂಕಕ್ಕಾಗಿ ಮಾತ್ರ ಬಳಸುವ ಕಬ್ಬಿಣದ ಬ್ಲಾಕಿಗೆ ಅಲ್ಟ್ರಾಸಾನಿಕ್ ಮಾಡಿಸುವುದು ದುಂದು. ದೋಷದ ಪ್ರಮಾಣ ಸಾವಿರಕ್ಕೆ ಒಂದಿದ್ದು, ಮುರಿದರೂ ಯಾರಿಗೂ ಅಪಾಯವಿಲ್ಲವೆಂದಾದರೆ ಮಾದರಿ ಪರೀಕ್ಷೆ ಸಾಕು. ಆದರೆ ಭಾರ ಎತ್ತುವ ಕೊಕ್ಕೆ, ಒತ್ತಡ ತಡೆಯುವ ಪಾತ್ರೆ, ತಿರುಗುವ ಅಚ್ಚು, ವಾಹನದ ಸ್ಟೀರಿಂಗ್ ಹಾಗೂ ಬ್ರೇಕ್ ಭಾಗ, ಇವುಗಳಲ್ಲಿ ಮಾದರಿ ಪರೀಕ್ಷೆಯಿಂದ ತೃಪ್ತಿಪಡಲಾಗದು. ನಮ್ಮ ರಾಜ್ಯದಲ್ಲಿಯೇ, ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ, ಎರಕ ಹೊಯ್ದ ಗಾಲಿಗಳು ಕಾಂತೀಯ ಕಣ ಮತ್ತು ಅಲ್ಟ್ರಾಸಾನಿಕ್ ಪರೀಕ್ಷೆಗಳನ್ನು ದಾಟಿಯೇ ಹೊರಬರಬೇಕು. ನೂರರಲ್ಲಿ ತೊಂಬತ್ತೊಂಬತ್ತು ಗಾಲಿಗಳು ಗಟ್ಟಿಯಿವೆ ಎಂಬ ಸಮಾಧಾನ ರೈಲಿನಲ್ಲಿ ಕುಳಿತವರಿಗೆ ಸಾಲದು.

ಪ್ರಮಾಣಪತ್ರದ ವ್ಯಾಪಾರ

ಇನ್ನು ಕಹಿಯಾದ ಮಾತಿಗೆ ಬರೋಣ. ದಾಸ್ತಾನು ಪರಿಶೀಲನೆಗೆ ಹೋದಾಗ ಘಟಕವೊಂದರಲ್ಲಿ ಪರೀಕ್ಷಾ ವರದಿಗಳ ಕಡತ ನೋಡುವ ಪ್ರಸಂಗ ನನಗೆ ಒದಗಿತ್ತು. ಬೇರೆ ಬೇರೆ ತಿಂಗಳ ಮಾಲು. ವರದಿಗಳ ಒಕ್ಕಣೆ, ಅಂಕಿಗಳು, ಕೊನೆಯ ದಶಮಾಂಶದವರೆಗೂ ಒಂದೇ. ತಾರೀಕು ಮಾತ್ರ ಬದಲು. ಲೋಹಶಾಸ್ತ್ರ ತಿಳಿಯದಿದ್ದರೂ ಲೆಕ್ಕ ತಿಳಿದವನಿಗೆ ಇದರ ಅರ್ಥವಾಗಲು ಹೊತ್ತು ಬೇಕಿಲ್ಲ. ಮಾಲೀಕರ ಉತ್ತರ ಪ್ರಾಮಾಣಿಕವಾಗಿಯೇ ಇತ್ತು: ‘ಗ್ರಾಹಕರು ಕಾಗದ ಕೇಳುತ್ತಾರೆ, ಕಾಗದದ ಹಣ ಕೊಡುವುದಿಲ್ಲ. ಹುಡುಕಿದರೆ ತಾನೇ ಸಿಗುವುದು? ಸಿಕ್ಕರೆ ತಿರಸ್ಕರಿಸಬೇಕು.’

ಈ ಉತ್ತರದ ಮೊದಲ ಭಾಗದಲ್ಲಿ ನ್ಯಾಯವಿದೆ. ಅತಿ ಕಡಿಮೆ ದರಕ್ಕೆ ಆದೇಶ ಕೊಟ್ಟು, ಅದರೊಳಗೇ ಪರೀಕ್ಷೆಯನ್ನೂ ಮುಗಿಸಬೇಕೆಂದು ಬಯಸುವ ದೊಡ್ಡ ಖರೀದಿದಾರರು ಈ ಸ್ಥಿತಿಗೆ ಸಮಪಾಲುದಾರರು. ಪರೀಕ್ಷೆಗೆ ದಿನವನ್ನೂ ದರವನ್ನೂ ಕೊಡದೆ ಪ್ರಮಾಣಪತ್ರವನ್ನು ಮಾತ್ರ ಬೇಡುವವನು ಸುಳ್ಳನ್ನೇ ಬೇಡುತ್ತಿದ್ದಾನೆ ಎಂದು ಸ್ಪಷ್ಟವಾಗಿ ಹೇಳಬೇಕಾಗಿದೆ. ಆದರೆ ಉತ್ತರದ ಎರಡನೆಯ ಭಾಗವನ್ನು ಒಪ್ಪಲಾಗದು. ನೋಡದಿದ್ದ ಮಾತ್ರಕ್ಕೆ ಬಿರುಕು ಇಲ್ಲವಾಗುವುದಿಲ್ಲ. ಅದು ನಮ್ಮ ಶೆಡ್ಡಿನಿಂದ ಗ್ರಾಹಕನ ಶೆಡ್ಡಿಗೆ, ಅಲ್ಲಿಂದ ಯಾರದೋ ತಲೆಯ ಮೇಲಿನ ಕ್ರೇನಿಗೆ ಪ್ರಯಾಣ ಮಾಡುತ್ತದೆ.

ಲೆಕ್ಕಪರಿಶೋಧನೆಯೂ ಒಂದು ಬಗೆಯ ನಾಶರಹಿತ ಪರೀಕ್ಷೆಯೇ. ವ್ಯವಹಾರವನ್ನು ನಿಲ್ಲಿಸದೆ, ಸಂಸ್ಥೆಯನ್ನು ಬಿಚ್ಚದೆ ಅದರ ಒಳಬಿರುಕುಗಳನ್ನು ನಾವು ಹುಡುಕುತ್ತೇವೆ. ನಮ್ಮ ವೃತ್ತಿಗೆ ಅಂಟಿರುವ ಎರಡು ವ್ಯಾಧಿಗಳು ಅದಕ್ಕೂ ಇವೆ. ಒಂದು, ಪರೀಕ್ಷೆಗೆ ಒಳಗಾಗುವವನೇ ಪರೀಕ್ಷಕನಿಗೆ ಹಣ ಕೊಡುವುದು. ಎರಡು, ವರದಿಯನ್ನು ಪೂರ್ಣ ಖಾತರಿ ಎಂದು ಜನ ಭಾವಿಸುವುದು. ‘ದೋಷವಿಲ್ಲ’ ಎಂಬ ಎನ್‌ಡಿಟಿ ವರದಿಯ ನಿಜವಾದ ಅರ್ಥ ಇಷ್ಟೆ: ಇಂತಹ ವಿಧಾನದಿಂದ, ಇಂತಹ ಉಪಕರಣದಿಂದ, ಇಷ್ಟು ಭಾಗವನ್ನು ನೋಡಿದಾಗ, ನಿಗದಿತ ಮಿತಿಗಿಂತ ದೊಡ್ಡ ದೋಷ ಕಂಡುಬರಲಿಲ್ಲ. ಆದ್ದರಿಂದ ಪರೀಕ್ಷಕನು ಯಾರು, ಅವನ ಅರ್ಹತೆ ಏನು, ಅವನು ಯಾರ ಮಾತು ಕೇಳಬೇಕಾದವನು ಎಂಬ ಪ್ರಶ್ನೆಗಳು ಉಪಕರಣದಷ್ಟೇ ಮುಖ್ಯ.

ಎರಡು ದುರಂತಗಳು, ಎರಡು ಪಾಠಗಳು

ಈ ಮಾತಿಗೆ ಆಧಾರವಾಗಿ, ತನಿಖೆಗಳಿಂದ ವಿವರವಾಗಿ ತಿಳಿದುಬಂದಿರುವ ಎರಡು ಘಟನೆಗಳನ್ನು ಸದಸ್ಯರ ಮುಂದಿಡುತ್ತೇನೆ. 1989ರ ಜುಲೈ 19ರಂದು ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯ ಡಿಸಿ-10 ವಿಮಾನವೊಂದು ಡೆನ್ವರ್‌ನಿಂದ ಶಿಕಾಗೋದತ್ತ ಹಾರುತ್ತಿದ್ದಾಗ, ಅದರ ಬಾಲದ ಎಂಜಿನ್ನಿನ ಫ್ಯಾನ್ ಡಿಸ್ಕ್ ಆಕಾಶದಲ್ಲೇ ಸಿಡಿಯಿತು. ಚೂರುಗಳು ಹೈಡ್ರಾಲಿಕ್ ವ್ಯವಸ್ಥೆಯನ್ನೇ ಕಡಿದುಹಾಕಿದವು. ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ತುರ್ತಾಗಿ ಇಳಿಸುವ ಯತ್ನದಲ್ಲಿ, ವಿಮಾನದಲ್ಲಿದ್ದ 296 ಜನರಲ್ಲಿ 110ಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಟೈಟಾನಿಯಂ ಲೋಹವನ್ನು ಕರಗಿಸುವಾಗಲೇ ಉಳಿದಿದ್ದ ಸೂಕ್ಷ್ಮ ದೋಷದಿಂದ ಬಿರುಕು ಹುಟ್ಟಿ ವರ್ಷಗಳ ಕಾಲ ಬೆಳೆದಿತ್ತು. ಡಿಸ್ಕನ್ನು ಯಾರೂ ಪರೀಕ್ಷಿಸಿರಲಿಲ್ಲ ಎಂದಲ್ಲ. ಹಿಂದಿನ ವರ್ಷ, 1988ರಲ್ಲಿ, ಹೊಳೆಯುವ ವರ್ಣದ್ರವದ ಪರೀಕ್ಷೆ ನಡೆದಿತ್ತು. ಆಗಲೇ ಬಿರುಕು ಮೇಲ್ಮೈಯಲ್ಲಿ ಸುಮಾರು ಅರ್ಧ ಅಂಗುಲವಿತ್ತೆಂದು ತನಿಖೆ ಅಂದಾಜಿಸಿತು. ಆದರೂ ಅದು ಕಣ್ಣಿಗೆ ಬೀಳಲಿಲ್ಲ. ಪರೀಕ್ಷಿಸುವ ಮನುಷ್ಯನ ಮಿತಿಗಳನ್ನು ವ್ಯವಸ್ಥೆ ಸಾಕಷ್ಟು ಗಮನಿಸಿರಲಿಲ್ಲ ಎಂಬುದೇ ತನಿಖಾ ಮಂಡಳಿಯ ಮುಖ್ಯ ನಿರ್ಣಯ.

ಎರಡನೆಯದು ಇಂಗ್ಲೆಂಡಿನದು. 2000ದ ಅಕ್ಟೋಬರ್ 17ರಂದು ಲಂಡನ್ನಿನಿಂದ ಲೀಡ್ಸ್‌ಗೆ ಹೊರಟ ರೈಲು ಹ್ಯಾಟ್‌ಫೀಲ್ಡ್ ಬಳಿ ಹಳಿತಪ್ಪಿ ನಾಲ್ವರು ಮೃತಪಟ್ಟರು. 70ಕ್ಕೂ ಹೆಚ್ಚು ಜನ ಗಾಯಗೊಂಡರು. ಗಾಲಿಗಳ ಉಜ್ಜಾಟದಿಂದ ಹಳಿಯ ಅಂಚಿನಲ್ಲಿ ಹುಟ್ಟಿದ ಬಿರುಕುಗಳು ಒಳಕ್ಕಿಳಿದು ಹಳಿ ನೂರಾರು ಚೂರಾಗಿತ್ತು. ಇಲ್ಲಿ ಬಿರುಕು ಕಾಣದೆ ಹೋಗಿರಲಿಲ್ಲ. ತಿಂಗಳುಗಳ ಮೊದಲೇ ಅದು ಗೊತ್ತಿತ್ತು. ಬದಲಿ ಹಳಿಯನ್ನು ತಂದು ಪಕ್ಕದಲ್ಲೇ ಇರಿಸಿಯೂ ಆಗಿತ್ತು. ಜೋಡಿಸುವ ಕೆಲಸ ಮಾತ್ರ ನಡೆದಿರಲಿಲ್ಲ. ಇದರ ನಂತರ ದೇಶದಾದ್ಯಂತ ರೈಲುಗಳ ವೇಗ ಇಳಿಸಬೇಕಾಯಿತು, ಹಳಿ ಬದಲಾವಣೆಯ ಖರ್ಚು ಮುಗಿಲಿಗೇರಿತು. ಹಳಿಗಳ ಒಡೆತನ ಹೊಂದಿದ್ದ ರೈಲ್‌ಟ್ರ್ಯಾಕ್ ಕಂಪನಿ ಒಂದು ವರ್ಷದೊಳಗೆ, 2001ರ ಅಕ್ಟೋಬರಿನಲ್ಲಿ, ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ವಶವಾಯಿತು. 2005ರಲ್ಲಿ ನ್ಯಾಯಾಲಯವು ನಿರ್ವಹಣೆಯ ಗುತ್ತಿಗೆದಾರ ಸಂಸ್ಥೆಗೆ ಒಂದು ಕೋಟಿ ಪೌಂಡ್ ದಂಡ ವಿಧಿಸಿತು. ಮೇಲ್ಮನವಿಯಲ್ಲಿ ಅದು 75 ಲಕ್ಷಕ್ಕಿಳಿಯಿತು.

ಮೊದಲ ಪಾಠ: ಪರೀಕ್ಷೆ ನಡೆಯಿತು ಎಂಬುದೇ ದೋಷವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ, ದಣಿದ ಕಣ್ಣು, ಅವಸರದ ಕೈ, ‘ಇದರಲ್ಲಿ ಏನೂ ಇರುವುದಿಲ್ಲ’ ಎಂಬ ಪೂರ್ವಗ್ರಹ ಇವು ಉಪಕರಣವನ್ನೂ ಕುರುಡಾಗಿಸುತ್ತವೆ. ಎರಡನೆಯ ಪಾಠ: ಕಂಡ ದೋಷದ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಯಾರಿಗೂ ಇಲ್ಲದಿದ್ದರೆ ಪರೀಕ್ಷೆಯಿಂದ ಫಲವಿಲ್ಲ. ಸಾವಿರಾರು ಕೋಟಿಯ ಸಂಸ್ಥೆಗಳಿಗೇ ಈ ಗತಿಯಾದರೆ ಹತ್ತಿಪ್ಪತ್ತು ಜನರ ನಮ್ಮ ಘಟಕಗಳು ಎಷ್ಟು ಎಚ್ಚರದಿಂದಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕಾನೂನು ಏನು ಹೇಳುತ್ತದೆ?

‘ಒಳಗಿನ ಬಿರುಕು ನಮಗೂ ಕಂಡಿರಲಿಲ್ಲ’ ಎಂಬುದು ಮಾರಾಟಗಾರನ ಸಾಮಾನ್ಯ ಸಮರ್ಥನೆ. 1930ರ ಸರಕು ಮಾರಾಟ ಅಧಿನಿಯಮ ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ವಿವರಣೆಯ ಮೇಲೆ ಮಾರಿದ ಸರಕು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕೆಂಬ ಷರತ್ತು 16ನೆಯ ಪ್ರಕರಣದಲ್ಲಿ ಅಂತರ್ಗತವಾಗಿದೆ. ಖರೀದಿದಾರ ಸರಕನ್ನು ನೋಡಿಯೇ ಕೊಂಡಿದ್ದರೆ, ಆ ನೋಟದಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಮಾತ್ರ ಈ ಷರತ್ತು ಅನ್ವಯಿಸದು. ಒಳಬಿರುಕು ಅಂತಹ ನೋಟಕ್ಕೆ ಕಾಣುವಂಥದ್ದಲ್ಲ. ಹಾಗಾಗಿ ಹೊಣೆ ಮಾರಿದವನ ಬಳಿಯೇ ಉಳಿಯುವ ಸಂಭವ ಹೆಚ್ಚು.

ಇದರ ಮೇಲೆ, 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ‘ಉತ್ಪನ್ನ ಹೊಣೆಗಾರಿಕೆ’ ಎಂಬ ಪ್ರತ್ಯೇಕ ಅಧ್ಯಾಯವನ್ನೇ ತಂದಿದೆ. 2020ರ ಜುಲೈ 20ರಿಂದ ಅದು ಜಾರಿಯಲ್ಲಿದೆ. ದೋಷಪೂರಿತ ಉತ್ಪನ್ನದಿಂದ ಗ್ರಾಹಕನಿಗೆ ಹಾನಿಯಾದರೆ ತಯಾರಕ ಹೊಣೆ. ತಾನು ಕೊಟ್ಟ ಸ್ಪಷ್ಟ ಭರವಸೆಗೆ ಉತ್ಪನ್ನ ತಕ್ಕಂತಿರದಿದ್ದರೆ, ಆ ಭರವಸೆ ನೀಡುವಾಗ ನಿರ್ಲಕ್ಷ್ಯವಾಗಲಿ ವಂಚನೆಯಾಗಲಿ ಇರಲಿಲ್ಲವೆಂದು ಸಾಧಿಸಿದರೂ ತಯಾರಕ ಪಾರಾಗಲಾರ. ‘ಪರೀಕ್ಷಿಸಲಾಗಿದೆ, ದೋಷವಿಲ್ಲ’ ಎಂದು ಸಹಿ ಹಾಕಿ ಕೊಡುವ ಕಾಗದ ಇಂತಹ ಭರವಸೆಯೆಂದು ಪರಿಗಣಿತವಾಗುವ ಸಾಧ್ಯತೆಯನ್ನು ನಾವು ಹಗುರವಾಗಿ ಕಾಣಬಾರದು. ವ್ಯಾಪಾರಿ ಮಿತ್ರರೂ ನಿಶ್ಚಿಂತರಾಗುವಂತಿಲ್ಲ. ತಯಾರಕ ಯಾರೆಂದು ತಿಳಿಯದ ಮಾಲು ಮಾರಿದರೆ, ಅಥವಾ ಜೋಡಣೆ, ಪರಿಶೀಲನೆ, ನಿರ್ವಹಣೆಯಲ್ಲಿ ತಕ್ಕಷ್ಟು ಎಚ್ಚರ ವಹಿಸದಿದ್ದರೆ, ಹೊಣೆ ಮಾರಾಟಗಾರನ ಮೇಲೂ ಬರಬಹುದು. ಬ್ರ್ಯಾಂಡ್ ಇಲ್ಲದ ಕೊಕ್ಕೆ, ಸರಪಳಿ, ಸ್ಲಿಂಗುಗಳನ್ನು ಕಿಲೋ ಲೆಕ್ಕದಲ್ಲಿ ಮಾರುವವರು ಇದನ್ನು ವಿಶೇಷವಾಗಿ ಗಮನಿಸುವುದು ಒಳಿತು.

ಏನು ಮಾಡಬಹುದು?

ಮೊದಲನೆಯದಾಗಿ, ದರಪಟ್ಟಿಯಲ್ಲಿ ಪರೀಕ್ಷಾ ಶುಲ್ಕವನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಬೇಕು. ಖರೀದಿದಾರ ಅದನ್ನು ಹೊಡೆದುಹಾಕಿದರೆ, ‘ಪರೀಕ್ಷೆ ನಮ್ಮ ವ್ಯಾಪ್ತಿಯಲ್ಲಿಲ್ಲ’ ಎಂದು ಬರೆದೇ ಆದೇಶ ಸ್ವೀಕರಿಸಬೇಕು. ಎಲ್ಲರೂ ಹೀಗೆ ಮಾಡಿದರೆ ಒಬ್ಬನ ದರ ಹೆಚ್ಚಾಯಿತೆಂಬ ಅಳಲು ಉಳಿಯದು.

ಎರಡನೆಯದಾಗಿ, ಪರೀಕ್ಷೆಯ ವಿಧಾನ, ಭಾಗ ಮತ್ತು ಒಪ್ಪಿಗೆಯ ಮಿತಿಯನ್ನು ಆದೇಶದ ಹಂತದಲ್ಲೇ ಲಿಖಿತವಾಗಿ ಗೊತ್ತುಪಡಿಸಬೇಕು. ದೋಷ ಕಂಡ ಮೇಲೆ ನಡೆಯುವ ಮಿತಿಯ ಚರ್ಚೆ ಚೌಕಾಸಿಯಾಗಿಬಿಡುತ್ತದೆ.

ಮೂರನೆಯದಾಗಿ, ಪರೀಕ್ಷಕನು ಉತ್ಪಾದನೆಯ ಅಥವಾ ರವಾನೆಯ ಮೇಲ್ವಿಚಾರಕನ ಅಧೀನದಲ್ಲಿರಬಾರದು. ನೇರವಾಗಿ ಮಾಲೀಕರಿಗೆ ವರದಿ ಮಾಡಬೇಕು. ಅವನ ಅರ್ಹತೆಯ ದಾಖಲೆಯನ್ನೂ ನೋಡಬೇಕು. ಪರೀಕ್ಷಕರಲ್ಲಿ ಮೂರು ಹಂತಗಳಿವೆ. ಮೊದಲ ಹಂತದವರು ಸೂಚನೆಯಂತೆ ಪರೀಕ್ಷೆ ನಡೆಸಬಲ್ಲರು. ಫಲಿತಾಂಶವನ್ನು ವಿಶ್ಲೇಷಿಸಿ ತೀರ್ಪು ಕೊಡಲು ಎರಡನೆಯ ಹಂತದವರು ಬೇಕು. ಪರೀಕ್ಷಾ ಕ್ರಮವನ್ನೇ ರೂಪಿಸಲು ಮೂರನೆಯ ಹಂತದವರು. ಐಎಸ್ಒ 9712ರ ಪ್ರಮಾಣೀಕರಣ ಸ್ವತಂತ್ರ ಸಂಸ್ಥೆಯಿಂದ ದೊರೆಯುವಂಥದ್ದು. ಎಸ್‌ಎನ್‌ಟಿ-ಟಿಸಿ-1ಎ ಕ್ರಮದಲ್ಲಿ ಪ್ರಮಾಣೀಕರಿಸುವವನು ಉದ್ಯೋಗದಾತನೇ. ನೌಕರಿ ಬಿಟ್ಟೊಡನೆ ಅದರ ಮಾನ್ಯತೆಯೂ ಮುಗಿಯುತ್ತದೆ. ಹಳೆಯ ಕಂಪನಿಯ ಕಾಗದ ತೋರಿಸಿ ಕೆಲಸ ಮಾಡುವವರ ವಿಷಯದಲ್ಲಿ ಎಚ್ಚರವಿರಲಿ.

ನಾಲ್ಕನೆಯದಾಗಿ, ವರದಿಯಲ್ಲಿ ಹೀಟ್ ನಂಬರ್ ಅಥವಾ ತುಂಡಿನ ಸಂಖ್ಯೆ ಇರಲೇಬೇಕು. ಅದು ಮಾಲಿನ ಮೇಲಿನ ಸಂಖ್ಯೆಗೆ ತಾಳೆಯಾಗಬೇಕು. ತಾಳೆಯಾಗದ ವರದಿ, ವೋಚರ್ ಇಲ್ಲದ ಖರ್ಚಿನಂತೆ. ಮಾಲು ಕೊಳ್ಳುವ ವ್ಯಾಪಾರಿಯೂ ಇದೊಂದು ಅಭ್ಯಾಸವನ್ನು ಇಂದಿನಿಂದಲೇ ಆರಂಭಿಸಬಹುದು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಕೊನೆಯದು ನಮ್ಮ ಸಂಸ್ಥೆಗೆ ಸಂಬಂಧಿಸಿದ್ದು. ಡಿಪಿ ಪರೀಕ್ಷೆಯನ್ನು ಪ್ರತಿ ಘಟಕವೂ ಸ್ವಂತವಾಗಿ ಮಾಡಿಕೊಳ್ಳಬಹುದು. ಆದರೆ ಅಲ್ಟ್ರಾಸಾನಿಕ್ ಉಪಕರಣ, ಅದರ ಕ್ಯಾಲಿಬ್ರೇಶನ್, ಎರಡನೆಯ ಹಂತದ ಅರ್ಹತೆಯುಳ್ಳ ಪರೀಕ್ಷಕನ ಸಂಬಳ, ಇವನ್ನು ಒಂದು ಸಣ್ಣ ಘಟಕ ಒಂಟಿಯಾಗಿ ಹೊರುವುದು ಕಷ್ಟ. ಹತ್ತಾರು ಘಟಕಗಳು ಕೂಡಿದರೆ ಅದು ಭಾರವೇ ಅಲ್ಲ. ಕೇಂದ್ರದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮವು ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ, ಪರೀಕ್ಷಾಲಯಗಳಿಗೂ ಸೇರಿದಂತೆ, ನೆರವು ನೀಡುವ ಯೋಜನೆಯಾಗಿದೆ. ವಾಣಿಜ್ಯೋದ್ಯಮ ಸಂಸ್ಥೆಯು ಆಸಕ್ತ ಸದಸ್ಯರ ಸಭೆ ಕರೆದು, ವರ್ಷಕ್ಕೆ ಎಷ್ಟು ಪರೀಕ್ಷೆಗಳ ಅಗತ್ಯವಿದೆ ಎಂಬ ಪಟ್ಟಿ ತಯಾರಿಸಿ, ಯೋಜನಾ ವರದಿಯೊಂದನ್ನು ಸಿದ್ಧಪಡಿಸಬೇಕೆಂದು ಈ ಮೂಲಕ ವಿನಂತಿಸುತ್ತೇನೆ. ಆ ಕೇಂದ್ರ ಯಾವ ಒಬ್ಬ ಸದಸ್ಯನ ಹಿಡಿತದಲ್ಲೂ ಇರಬಾರದು ಎಂಬ ಒಂದೇ ಷರತ್ತು ಸಾಕು. ಅದರ ವರದಿಗೆ ಬೆಲೆ ಬರುವುದು ಆ ಸ್ವಾತಂತ್ರ್ಯದಿಂದಲೇ.

ಎರಡು ಆಕ್ಷೇಪಗಳು ಬರಬಹುದು. ಕೇಂದ್ರ ‘ದೋಷವಿದೆ’ ಎಂದರೆ ಸದಸ್ಯರ ಗುಟ್ಟು ಬಯಲಾಗದೇ ಎಂಬುದು ಒಂದು. ವರದಿಯನ್ನು ಮಾಲು ತಂದವರಿಗಲ್ಲದೆ ಬೇರಾರಿಗೂ ಕೊಡಬಾರದೆಂಬ ನಿಯಮದಿಂದ ಇದನ್ನು ಪರಿಹರಿಸಬಹುದು. ಕಟ್ಟುನಿಟ್ಟಾದರೆ ಮಾಲು ಬೇರೆಡೆ ಹೋಗಿ ಸುಲಭದ ಕಾಗದ ತರುತ್ತದೆ ಎಂಬುದು ಇನ್ನೊಂದು. ಇದು ಆರಂಭದಲ್ಲಿ ನಿಜವಾಗಬಹುದು. ಆದರೆ ಒಂದು ಊರಿನ ಮಾಲಿನ ಜೊತೆ ಬರುವ ಕಾಗದವನ್ನು ನಂಬಬಹುದು ಎಂಬ ಹೆಸರು ಬಂದ ಮೇಲೆ, ಮತ್ತೆ ಪರೀಕ್ಷಿಸುವ ಖರ್ಚು ಉಳಿಯುವುದರಿಂದ ಖರೀದಿದಾರನೇ ಆ ಊರಿಗೆ ಬರುತ್ತಾನೆ. ಮಾರುಕಟ್ಟೆಯಲ್ಲಿ ಸಾಲ ಹುಟ್ಟುವುದೂ ನಂಬಿಕೆಯ ಮೇಲೆಯೇ, ಬೆಲೆ ಹುಟ್ಟುವುದೂ ನಂಬಿಕೆಯ ಮೇಲೆಯೇ.

ಮುಂದಿನ ತಿಂಗಳ ಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಬರುವವರು ತಮ್ಮ ಕಳೆದ ವರ್ಷದ ತಿರಸ್ಕಾರದ ಅಂಕಿಗಳನ್ನು ಜೊತೆಗೆ ತಂದರೆ ಮಾತು ಬೇಗ ಮುಗಿದು ಕೆಲಸ ಬೇಗ ಆರಂಭವಾದೀತು.